ಮೊದಲು ಮತದಾರಳು, ಆಮೇಲೆ ಪ್ರಜೆ

ಆ ಕಡತ ನನ್ನ ಮೇಜಿಗೆ ಬಂದದ್ದು ಮಾರ್ಚ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ಡೈರಿಯಲ್ಲಿ ಆ ದಿನದ ಎದುರು ಬರೆದದ್ದು ಇಷ್ಟೇ: "ಪೌರತ್ವ. ಏನೂ ಗೊತ್ತಿಲ್ಲ. ಓದಬೇಕು." ಕೋಲಾರದಲ್ಲಿ ನಾನು ಜೂನಿಯರ್ ಆಗಿದ್ದ ವಕೀಲರ ಕಚೇರಿಗೆ ಪಾಲು ವಿಭಾಗ, ದಾರಿ ತಕರಾರು, ಚೆಕ್ ಬೌನ್ಸ್ ಬಿಟ್ಟು ಬೇರೆ ಕೆಲಸ ಬರುತ್ತಿದ್ದದ್ದು ಅಪರೂಪ. ನಮ್ಮ ಸೀನಿಯರ್ ಕಡತವನ್ನು ನನ್ನ ಕಡೆ ತಳ್ಳಿ, "ನೀನು ಎಲ್ಲಕ್ಕೂ ಲೆಕ್ಕ ಇಡ್ತೀಯಲ್ಲಮ್ಮ, ಇದು ನಿನಗೇ ಸರಿ. ಇದರಲ್ಲಿ ವಾದ ಮಾಡೋದಕ್ಕಿಂತ ದಿನ ಎಣಿಸೋದೇ ಜಾಸ್ತಿ" ಎಂದು ಹೇಳಿ ಮಾಲೂರು ಕೋರ್ಟಿಗೆ ಹೊರಟುಹೋದರು.

ಎದುರಿಗೆ ಕೂತಿದ್ದವರು ಮೂವತ್ತೈದರ ಆಸುಪಾಸಿನ ಹೆಂಗಸು. ಹುಟ್ಟಿದ್ದು ಶ್ರೀಲಂಕಾದಲ್ಲಿ. ಕುವೈತಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಗ, ಅದೇ ಮನೆಯ ಕಾರು ಓಡಿಸುತ್ತಿದ್ದ ರಾಯಲ್ಪಾಡು ಕಡೆಯವನನ್ನು ಮದುವೆಯಾಗಿ, ಇಲ್ಲಿಗೆ ಬಂದು ಹನ್ನೊಂದು ವರ್ಷ ಆಗಿತ್ತು. ಗಂಡ ಈಗ ಟೊಮೆಟೊ, ಮಾವಿನಕಾಯಿ ಸಾಗಿಸುವ ಟೆಂಪೊ ಓಡಿಸುತ್ತಾನೆ. ಎಂಟು ವರ್ಷದ ಒಬ್ಬಳು ಮಗಳು. ಅತ್ತೆ ಜೊತೆಗೇ ಬಂದಿದ್ದರು, ಸೊಸೆಯ ಪಾಸ್‌ಪೋರ್ಟನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು.

"ವೀಸಾ ರಿನ್ಯೂ ಮಾಡೋವಾಗೆಲ್ಲ ಭಯ ಆಗುತ್ತೆ ಲಾಯರಮ್ಮ," ಆಕೆ ಹೇಳಿದರು. ಕನ್ನಡ ಸ್ವಲ್ಪ ನಿಧಾನ, ನಡುನಡುವೆ ತೆಲುಗು. "ಹೋದ ಸಲ ಆಫೀಸ್ನೋರು ಅಂದ್ರು, ಮಗಳು ಇಂಡಿಯಾದೋಳು, ನೀನು ಫಾರಿನ್ನು, ಮುಂದಿನ ಸಲ ಕೊಡ್ದಿದ್ರೆ ಮಗಳನ್ನ ಇಲ್ಲೇ ಬಿಟ್ಟು ಹೋಗ್ಬೇಕಾಗುತ್ತೆ ಅಂತ. ನಕ್ಕೊಂಡೇ ಅಂದ್ರು."

"ಅವನ ನಗು ಮಣ್ಣುಗೂಡ," ಎಂದರು ಅತ್ತೆ.

ಆ ರಾತ್ರಿಯಿಂದ ನಾಲ್ಕು ದಿನ ನಮ್ಮೂರು ವಕ್ಕಲೇರಿಯ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಕಾಯಿದೆ ಓದಿದೆ. ಭಾರತೀಯನನ್ನು ಮದುವೆಯಾದವರು ನೋಂದಣಿಯ ಮೂಲಕ ಪ್ರಜೆಯಾಗಬಹುದು. ಆದರೆ ಏಳು ವರ್ಷ ಇಲ್ಲಿ ವಾಸವಿರಬೇಕು. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ದೇಶ ಬಿಟ್ಟು ಹೋಗಿರಬಾರದು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ ಇಲ್ಲೇ ಇದ್ದಿರಬೇಕು. ಪಾಸ್‌ಪೋರ್ಟಿನ ಒಂದೊಂದು ಮುದ್ರೆಯನ್ನೂ ನೋಡಿ ಪಟ್ಟಿ ಮಾಡಿದೆ. ಎಂಟು ವರ್ಷದ ಲೆಕ್ಕ ಸರಿಯಿತ್ತು. ಹನ್ನೆರಡು ತಿಂಗಳ ಲೆಕ್ಕ ಸರಿಯಿರಲಿಲ್ಲ. ಹಿಂದಿನ ವರ್ಷ ತಮ್ಮನ ಮದುವೆಗೆ ಹೋಗಿ ಬಂದಿದ್ದರು. ಇನ್ನೂ ಒಂದು ತಿಂಗಳು ಹನ್ನೆರಡು ದಿನ ಕಾಯಬೇಕಿತ್ತು.

ಏಪ್ರಿಲ್‌ನಲ್ಲಿ, ಶ್ರೀಲಂಕಾದಲ್ಲಿದ್ದ ಆಕೆಯ ತಾಯಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಕೆ ಫೋನ್ ಮಾಡಿ, "ಐದು ದಿನ ಹೋಗಿ ಬಂದ್ಬಿಡ್ಲಾ?" ಎಂದು ಕೇಳಿದರು. ವಿನಾಯಿತಿ ಕೇಳಲು ದಾರಿಯಿದೆ, ಆದರೆ ಕೊಡುವುದು ಬಿಡುವುದು ದಿಲ್ಲಿಯ ಇಷ್ಟ, ಹೋದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು ಎಂದು ಹೇಳಿದೆ. ಆಕೆ ಹೋಗಲಿಲ್ಲ. ನಾನು ಹೇಳಿದ್ದು ಸರಿಯೇ. ಆದರೂ ಆ ದಿನದ ಪುಟ ತೆರೆದರೆ ಇವತ್ತಿಗೂ ಮುಜುಗರವಾಗುತ್ತದೆ.

ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಿ, ಪ್ರತಿ ತೆಗೆದು, ಲಗತ್ತುಗಳನ್ನು ಜೋಡಿಸಿ ಜಿಲ್ಲಾ ಕಚೇರಿಗೆ ಕೊಟ್ಟದ್ದು ಮೇ ತಿಂಗಳಲ್ಲಿ. ಈ ವಿಷಯ ನೋಡುವ ಗುಮಾಸ್ತರನ್ನು ಅಲ್ಲಿ ವಿಷಯ ನಿರ್ವಾಹಕರು ಎನ್ನುತ್ತಾರೆ. ಅವರು ಇಂಥ ಅರ್ಜಿಯನ್ನು ಹಿಂದೆ ನೋಡಿಯೇ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಒಟ್ಟಿಗೆ ಕೂತು ಓದಬಹುದಿತ್ತು. ಅವರು ಮೂರು ಸಲ ವಾಪಸು ಕೊಟ್ಟರು. ಮೊದಲ ಸಲ ಫೋಟೊದ ಹಿನ್ನೆಲೆ ಬಿಳಿಯಿಲ್ಲ ಎಂದು. ಎರಡನೆಯ ಸಲ ಮದುವೆ ಪ್ರಮಾಣಪತ್ರದ ನಕಲಿಗೆ ದೃಢೀಕರಣ ಇಲ್ಲ ಎಂದು. ಮೂರನೆಯ ಸಲ, ದೃಢೀಕರಣ ಮಾಡಿಸಿದ ಮೇಲೆ, ಮೂಲಪ್ರತಿಯನ್ನೇ ಯಾಕೆ ತರಲಿಲ್ಲ ಎಂದು.

ಜೂನ್ ಮೂರನೆಯ ಬುಧವಾರ ಆಕೆಯನ್ನೇ ಕರೆದುಕೊಂಡು ಬರಲು ಹೇಳಿದರು. ಹೋದೆವು.

"ಕನ್ನಡ ಬರುತ್ತೇನಮ್ಮ?"

"ಬರುತ್ತೆ ಸಾರ್."

"ನಮ್ಮ ದೇಶಕ್ಕೆ ಸೇರ್ಕೋಬೇಕು ಅಂತಿದೀಯ. ಎಲ್ಲಿ, ಜನಗಣಮನ ಹೇಳು, ನೋಡೋಣ."

ಹಾಗೆ ಕೇಳಲು ಕಾಯಿದೆಯಲ್ಲಿ ಎಲ್ಲೂ ಇಲ್ಲ. ನನಗೆ ಗೊತ್ತಿತ್ತು. ಆದರೆ ಕಡತ ಅವರ ಕೈಯಲ್ಲಿತ್ತು. ಆಕೆ ಕುರ್ಚಿಯಿಂದ ಎದ್ದು, ಚಪ್ಪಲಿ ಬಿಟ್ಟು, ಕೈಗಳನ್ನು ನೇರ ಇಳಿಬಿಟ್ಟು ಹಾಡಿದರು. ಮಗಳ ಶಾಲೆಯಲ್ಲಿ ದಿನವೂ ಕೇಳಿ ಕಲಿತಿದ್ದರಂತೆ. ಪಕ್ಕದ ಮೇಜಿನವನು ಮೊಬೈಲಿನಲ್ಲಿ ಚಿತ್ರ ಹಿಡಿದ. ಇನ್ನೊಬ್ಬ, "ರಾಗ ಚೆನ್ನಾಗೈತೆ ಕಣ್ರೀ, ಇನ್ನೊಂದ್ಸಲ ಹೇಳ್ಸಿ" ಎಂದು ನಕ್ಕ. ಹಾಡು ಮುಗಿಯುವವರೆಗೆ ನಾನು ಆಕೆಯ ಪಕ್ಕ ನಿಂತು ಆ ಕೋಣೆಯಲ್ಲಿದ್ದವರನ್ನು ಎಣಿಸಿದೆ. ಆರು ಜನ. ಒಬ್ಬರೂ ಎದ್ದು ನಿಲ್ಲಲಿಲ್ಲ.

ಹೊರಗೆ ಬಂದ ಮೇಲೆ ಆಕೆ ಕೇಳಿದರು, "ತಪ್ಪಾಯ್ತಾ? ಯಾಕೆ ನಕ್ರು?"

"ನೀವು ತಪ್ಪು ಹಾಡಿಲ್ಲ ಅಕ್ಕ," ಎಂದೆ.

ಕೊನೆಗೂ ಕಡತ ಪೊಲೀಸ್ ವಿಚಾರಣೆಗೆ ಹೋಯಿತು. ವಿದೇಶಿಯರ ವಿಭಾಗದ ಅಧಿಕಾರಿಯೊಬ್ಬರು ಊರಿಗೆ ಬಂದು, ಆಕೆ ಇಲ್ಲಿ ವಾಸವಿರುವುದು ನಿಜವೇ, ನಡತೆ ಹೇಗೆ ಎಂದು ವಿಚಾರಿಸಿ, ಊರಿನ ಐವರ ಸಹಿ ಪಡೆದು ಮಹಜರು ಬರೆಯಬೇಕು. ಅದಕ್ಕೆ ಮೊದಲು ದಾಖಲೆಗಳನ್ನೆಲ್ಲ ಇನ್ನೊಮ್ಮೆ ನೋಡೋಣವೆಂದು ಜುಲೈನ ಒಂದು ಭಾನುವಾರ ಶ್ರೀನಿವಾಸಪುರದಿಂದ ಬಸ್ ಹಿಡಿದು ಅವರ ಊರಿಗೆ ಹೋದೆ. ಅತ್ತೆ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದೆ ಸುರಿದರು. ಮಗುವಿನ ಲಸಿಕೆ ಕಾರ್ಡು, ರೇಷನ್ ಕಾರ್ಡು, ಗ್ಯಾಸ್ ಪುಸ್ತಕ. ಅವುಗಳ ನಡುವೆ ಆಕೆಯ ಫೋಟೊ ಇದ್ದ ಮತದಾರರ ಗುರುತಿನ ಚೀಟಿ.

"ಇದೆಲ್ಲಿಂದ ಬಂತು?"

"ಎಲ್ಲಾರಿಗೂ ಮಾಡ್ಸಿದ್ರಲ್ಲ," ಅತ್ತೆ ಸಹಜವಾಗಿ ಹೇಳಿದರು. "ನಮ್ಮೂರ ಯಜಮಾನ ಬಂದು, ಸೊಸೇದೂ ಸೇರ್ಸೋಣ ಅಕ್ಕಾ ಅಂದ. ಮದ್ವೆ ಫೋಟೊದಾಗಿಂದ ಇವಳ ಮುಖ ಕತ್ತರಿಸಿ ತಗೊಂಡ್ಹೋದ."

ಊರಿನವರು ಯಜಮಾನ ಎನ್ನುವ ಈತ ಅಲ್ಲಿನ ರಾಜಕೀಯ ಮುಖಂಡ, ಹಾಲಿನ ಸೊಸೈಟಿಯ ಅಧ್ಯಕ್ಷನೂ ಹೌದು. ಚುನಾವಣೆಗೆ ಮುಂಚೆ ಅವನೂ ಅವನ ಕಡೆಯವರೂ ಮನೆ ಮನೆಗೆ ಹೋಗಿ ಅರ್ಜಿ ತುಂಬಿದ್ದರು. ಸೊಸೆಯ ತವರೂರು ಯಾವುದೆಂದು ಅವರು ಕೇಳಲೂ ಇಲ್ಲ. ಆ ಊರಿಗೆ ಬರುವ ಸೊಸೆಯರಲ್ಲಿ ಅರ್ಧಕ್ಕರ್ಧ ಗಡಿಯಾಚೆಯ ಮದನಪಲ್ಲಿ ಕಡೆಯವರು. ಹಾಗಾಗಿ ಆಕೆಗೂ ಮದನಪಲ್ಲಿ ಎಂದು ಬರೆದು, ಸಹಿಯನ್ನೂ ಅವರೇ ಹಾಕಿಕೊಂಡಿದ್ದರು. ಕೆಟ್ಟದ್ದು ಮಾಡಬೇಕೆಂದಲ್ಲ. ಒಂದು ವೋಟು ಹೆಚ್ಚಲಿ ಎಂದು.

"ವೋಟು ಹಾಕಿದೀರಾ?"

"ಎರಡು ಸಲ," ಎಂದರು ಆಕೆ. "ಆಟೋ ಕಳಿಸಿದ್ರು. ಸೊಸೆ ಆದ್ಮೇಲೆ ಎಲ್ರೂ ಹೋಗ್ಬೇಕು ಅಂದ್ರು. ಅತ್ತೆ ಜೊತೆ ಹೋದೆ. ತಪ್ಪಾ?"

ತಪ್ಪಷ್ಟೇ ಅಲ್ಲ. ಪರದೇಶದವರು ಮತ ಹಾಕಿದ್ದು ಗೊತ್ತಾದರೆ ಮೊಕದ್ದಮೆ ಆಗಬಹುದು. ಮೊಕದ್ದಮೆಯಾದರೆ ಪೌರತ್ವ ಹಾಗಿರಲಿ, ಇದ್ದ ವೀಸಾವೂ ಉಳಿಯದು. ಮುಚ್ಚಿಟ್ಟು ಪ್ರಜೆಯಾದರೆ, ವಿಷಯ ಮುಚ್ಚಿಟ್ಟು ಪಡೆದದ್ದೆಂಬ ಕಾರಣಕ್ಕೆ ಮುಂದೆ ಎಂದಾದರೂ ಪೌರತ್ವವನ್ನೇ ಕಿತ್ತುಕೊಳ್ಳಬಹುದು. ಎರಡನ್ನೂ ಬಿಡಿಸಿ ಹೇಳಿದೆ. ಆಕೆಯ ಮಗಳು ಬಾಗಿಲಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಆಕೆ ಅವಳನ್ನೇ ನೋಡುತ್ತಾ ಕೇಳಿಸಿಕೊಂಡರು.

ಸೀನಿಯರಿಗೆ ಹೇಳಿದಾಗ ಅವರು ಬೆಚ್ಚಲಿಲ್ಲ. "ಆ ಚೀಟಿ ಕಳೆದುಹೋಗಿದೆ ಅಂದ್ಕೋ. ನಮೂನೆ ಏಳು ಕೊಟ್ಟು ಪಟ್ಟಿಯಿಂದ ಹೆಸರು ತೆಗೆಸು. ಕಾರಣದಲ್ಲಿ ಸ್ಥಳ ಬದಲಾವಣೆ ಅಂತ ಹಾಕು. ಮುಗೀತು. ಅವಳಿಗೆ ಒಳ್ಳೇದಾಗ್ಲಿ ಅಂತ ತಾನೇ ಮಾಡ್ತಿರೋದು?"

ನಾನು ಹಾಗೆಯೇ ಮಾಡಿದೆ. ನನ್ನ ಕೈಬರಹದಲ್ಲೇ ನಮೂನೆ ತುಂಬಿದೆ. ಜುಲೈ ಕೊನೆಯ ಶುಕ್ರವಾರ ಆಕೆ ಸಹಿ ಹಾಕಲು ಕಚೇರಿಗೆ ಬಂದರು. ಪೆನ್ನು ಕೊಟ್ಟೆ. ಆಕೆ ಸಹಿ ಹಾಕುವ ಮುಂಚೆ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ನಾನು ಗಡಿಯಾರ ನೋಡಿದೆ. ಓದಿ ಮುಗಿಸಲು ಹನ್ನೊಂದು ನಿಮಿಷ ಬೇಕಾಯಿತು.

"ನಾನು ಯಾವ ಊರಿಗೆ ಹೋದೆ?"

"ಎಲ್ಲೂ ಇಲ್ಲ ಅಕ್ಕ. ಹಾಗೆ ಬರೀಬೇಕು, ಅಷ್ಟೇ."

"ಮದನಪಲ್ಲಿ ಅಂತ ಅವ್ರು ಬರ್ಕೊಂಡ್ರು. ನಂಗೆ ಗೊತ್ತಿರ್ಲಿಲ್ಲ." ಪೆನ್ನನ್ನು ನಮೂನೆಯ ಮೇಲಿಟ್ಟು ನನ್ನ ಕಡೆ ಸರಿಸಿದರು. "ಇದನ್ನ ನೀವು ಬರ್ದಿದೀರ. ಇದು ನಂಗೆ ಗೊತ್ತು."

ಜಿಲ್ಲಾ ಕಚೇರಿಯವರ ಬಗ್ಗೆ ಡೈರಿಯಲ್ಲಿ ಪುಟಗಟ್ಟಲೆ ಬೈದು ಬರೆದಿದ್ದವಳು ನಾನು. ಅಂದು ಅಸಹ್ಯವಾದದ್ದು ನನ್ನ ಅಕ್ಷರ ನೋಡಿ. ಎಷ್ಟು ಅಂದವಾಗಿ, ಕಾಲಂ ಮೀರದಂತೆ ಬರೆದಿದ್ದೆ.

ಆ ನಮೂನೆಯನ್ನು ಹರಿದು ಇನ್ನೊಂದು ತುಂಬಿದೆ. ಕಾರಣಗಳ ಪಟ್ಟಿಯಲ್ಲಿ "ಭಾರತದ ಪ್ರಜೆ ಅಲ್ಲ" ಎಂಬುದೂ ಇದೆ. ಅದಕ್ಕೆ ಆಕೆಯೇ ಗುರುತು ಹಾಕಿದರು. ಜೊತೆಗೆ ಎರಡು ಪುಟದ ಹೇಳಿಕೆ ಸಿದ್ಧಪಡಿಸಿದೆ: ಯಾರು ಬಂದರು, ಏನು ಹೇಳಿದರು, ಫೋಟೊ ಎಲ್ಲಿಂದ ಕತ್ತರಿಸಿದರು, ಆಟೋ ಯಾರು ಕಳಿಸಿದರು. ಅದನ್ನು ಚೀಟಿಯ ಸಮೇತ ವಿಚಾರಣೆಯ ದಿನ ಅಧಿಕಾರಿಯ ಕೈಗೇ ಕೊಡುವುದೆಂದು ನಿರ್ಧಾರವಾಯಿತು. ಸೀನಿಯರ್, "ನಿನ್ನ ಇಷ್ಟ. ನನ್ನ ಹೆಸರು ಎಲ್ಲೂ ಬರಬಾರದು" ಎಂದರು. ಬರಲಿಲ್ಲ. ಇಲ್ಲೂ ಬರೆಯುತ್ತಿಲ್ಲ.

ವಿಚಾರಣೆ ಆಗಸ್ಟ್ ಎರಡನೆಯ ಮಂಗಳವಾರ. ನಡೆದದ್ದು ಆಕೆಯ ಮನೆಯಲ್ಲಿ ಅಲ್ಲ, ಯಜಮಾನನ ಜಗುಲಿಯ ಮೇಲೆ. ಸರ್ಕಾರದವರು ಯಾರೇ ಬಂದರೂ ಅಲ್ಲೇ ಕೂರುವುದು ರೂಢಿಯಂತೆ. ಸಹಿ ಹಾಕುವ ಐವರೂ ಯಾವಾಗಲೂ ಅವರೇ. ಜಮೀನಿನ ಮಹಜರಾಗಲಿ, ಕಳ್ಳತನದ ಮಹಜರಾಗಲಿ, ಕಾಫಿ ಕುಡಿದು ಸಹಿ ಹಾಕಿ ಹೋಗುತ್ತಾರೆ. ನಾವು ಹೋಗುವಷ್ಟರಲ್ಲಿ ಮಹಜರಿನ ಖಾಲಿ ಹಾಳೆಯ ಕೆಳಗೆ ಮೂರು ಸಹಿ ಬಿದ್ದಾಗಿತ್ತು.

ಅಧಿಕಾರಿ ಆಕೆಯ ಹೇಳಿಕೆ ಓದಿದರು. ಮೊದಲ ಪುಟ ಮುಗಿಯುವ ಮುನ್ನವೇ ಕಾಫಿ ಲೋಟ ಕೆಳಗಿಟ್ಟರು.

"ಏನಮ್ಮ ಲಾಯರ್, ಇದನ್ಯಾಕೆ ತಂದ್ರಿ? ಎಲ್ಲಾ ಸುಸೂತ್ರವಾಗಿ ಮುಗೀತಿತ್ತು."

"ನಡೆದದ್ದನ್ನೇ ಬರೆದಿದೀವಿ ಸಾರ್."

"ನಾನು ಇದನ್ನ ತಗೊಂಡ್ರೆ ಬೂತಿನೋರನ್ನ ಕರೀಬೇಕು, ಇವ್ರನ್ನ ಕರೀಬೇಕು, ಇಡೀ ಪಟ್ಟಿ ತೆಗೀಬೇಕು. ಯಾರಿಗಮ್ಮ ಬೇಕು? ವಾಪಸ್ ತಗೊಳ್ಳಿ. ನಾನು ನೋಡಿಲ್ಲ."

ಯಜಮಾನ ಹಾಳೆಯನ್ನು ಬಗ್ಗಿ ನೋಡಿ ತನ್ನ ಹೆಸರನ್ನು ಗುರುತಿಸಿದ. ಮುಖ ಕೆಂಪಾಗಲಿಲ್ಲ, ದನಿ ಏರಲಿಲ್ಲ. ಅದೇ ನನಗೆ ಹೇಸಿಗೆ ಎನಿಸಿದ್ದು. ತಲೆ ಅಲ್ಲಾಡಿಸಿ, "ಏಮಮ್ಮಾ, ಇಂತ ಪನಿ ಚೇಸ್ತಿವೇ" ಎಂದ, ಇಂಥ ಕೆಲಸ ಮಾಡಿದೆಯಲ್ಲಮ್ಮ ಎಂದು, ಆಕೆಯೇ ಅವನಿಗೆ ಮೋಸ ಮಾಡಿದಂತೆ. "ಪರದೇಶದಿಂದ ಬಂದೋಳು ಅಂತ ನೋಡ್ದೆ ಊರಿಗೆ ಸೇರಿಸ್ಕೊಂಡ್ವಿ. ಒಳ್ಳೇದು ಮಾಡಿದ್ದಕ್ಕೆ ಇದಾ? ಪೊಲೀಸ್ನೋರೇ, ಈ ಚೀಟಿ ನನಗೆ ಗೊತ್ತೇ ಇಲ್ಲ."

ಅತ್ತೆ ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದವರು ಮುಂದೆ ಬಂದರು. "ಗೊತ್ತಿಲ್ವೇನಪ್ಪಾ? ಚೀಟಿ ತಂದುಕೊಟ್ಟ ದಿನ ನಮ್ಮನೇಲಿ ಎರಡು ಲೋಟ ಕಾಫಿ ಕುಡ್ದೆ. ಸಕ್ರೆ ಕಮ್ಮಿ ಅಂತ ಇನ್ನೊಂದು ಚಮಚ ಹಾಕಿಸ್ಕೊಂಡೆ. ಸಕ್ರೆ ನೆನಪೈತೋ ಇಲ್ವೋ?"

ಐವರಲ್ಲಿ ಒಬ್ಬ ನಗಲು ಹೋಗಿ ಕೆಮ್ಮಿದ. ಯಜಮಾನ ಅವನತ್ತ ನೋಡಿದ್ದೇ ತಡ, ಐವರೂ ಎದ್ದು ಹೋದರು. ಸಹಿ ಇದ್ದ ಹಾಳೆಯನ್ನೂ ತೆಗೆದುಕೊಂಡು ಹೋದರು.

ನಾನು ಹೇಳಿಕೆಯ ಇನ್ನೊಂದು ಪ್ರತಿ ತೆಗೆದು ಅಧಿಕಾರಿಯ ಮುಂದಿಟ್ಟೆ. ಸ್ವೀಕರಿಸಿದ್ದೇನೆ ಎಂದು ಇದರ ಮೇಲೆ ಸಹಿ ಹಾಕಬೇಕು, ಇಲ್ಲದಿದ್ದರೆ ಇವತ್ತೇ ರಿಜಿಸ್ಟರ್ಡ್ ಅಂಚೆಯಲ್ಲಿ ಮೇಲಿನ ಇಬ್ಬರು ಅಧಿಕಾರಿಗಳಿಗೂ ಕಳಿಸುತ್ತೇನೆ, ಲಕೋಟೆ ಬರೆದುಕೊಂಡೇ ಬಂದಿದ್ದೇನೆ ಎಂದೆ. ಅವರು ಲಕೋಟೆಯ ಮೇಲಿನ ವಿಳಾಸಗಳನ್ನು ಓದಿ, ಸಹಿ ಹಾಕಿ, ದಿನಾಂಕ ಹಾಕಿ, ಚೀಟಿಯನ್ನೂ ಹೇಳಿಕೆಯನ್ನೂ ಕಡತಕ್ಕೆ ಸೇರಿಸಿಕೊಂಡರು. ಮಹಜರಿಗೆ ಹೊಸ ಐವರು ಸಿಗಲು ಸಂಜೆಯಾಯಿತು. ಕೇಳಿದ್ದು ಹದಿನಾಲ್ಕು ಮನೆಗಳಲ್ಲಿ. ಸಹಿ ಹಾಕಿದವರಲ್ಲಿ ಮೂವರು ಆಕೆಯ ಜೊತೆ ಟೊಮೆಟೊ ಬಿಡಿಸಲು ಹೋಗುವ ಹೆಂಗಸರು. ಅವರಲ್ಲೊಬ್ಬಳು, "ನಂಗೇನೂ ಆಗಲ್ಲ ತಾನೇ?" ಎಂದು ಎರಡು ಸಲ ಕೇಳಿ, ಆಮೇಲೆ ಹಾಕಿದಳು.

ಮರುದಿನದಿಂದ ಹಾಲಿನ ಸೊಸೈಟಿಯಲ್ಲಿ ಅವರ ಹಸುವಿನ ಹಾಲಿಗೆ ಗಟ್ಟಿತನದ ಡಿಗ್ರಿ ಬರಲಿಲ್ಲ. ಹಸು ಅದೇ, ಮೇವು ಅದೇ. ಸತತವಾಗಿ ಒಂಬತ್ತು ಬೆಳಗು ವಾಪಸು ಕಳಿಸಿದರು. ಹತ್ತನೆಯ ದಿನದಿಂದ ಗಂಡ ಹಾಲನ್ನು ಟೆಂಪೊದಲ್ಲಿ ಒಯ್ದು ಪೇಟೆಯ ಹೋಟೆಲಿಗೆ ಹಾಕತೊಡಗಿದ. ಅವನು ಹೆಚ್ಚು ಮಾತಿನವನಲ್ಲ. ಒಮ್ಮೆ ಮಾತ್ರ ಫೋನಿನಲ್ಲಿ, "ಊರಲ್ಲಿ ಬದುಕೋರು ನಾವು ಮೇಡಂ, ನೀವು ಕೋಲಾರದಲ್ಲಿರ್ತೀರ" ಎಂದ.

ಆಮೇಲೆ ಒಂದು ವರ್ಷಕ್ಕೂ ಮೀರಿ ಕಾಯುವುದೇ ಆಯಿತು. ಜಿಲ್ಲಾ ಕಚೇರಿಗೆ ನಾನು ಹೋದದ್ದು ಒಟ್ಟು ಮೂವತ್ತೊಂದು ಸಲ. ಇಪ್ಪತ್ತೆರಡನೆಯ ಸಲ, ಕಡತ ಬೆಂಗಳೂರಿಗೆ ಹೋಗುವ ಮುನ್ನ, ವಿಷಯ ನಿರ್ವಾಹಕರು ಪೊಲೀಸ್ ವರದಿಯನ್ನು ನನ್ನ ಮುಂದೆ ತಿರುಗಿಸಿ ತೋರಿಸಿದರು. "ಅರ್ಜಿದಾರರ ಬಗ್ಗೆ ಯಾವುದೇ ಪ್ರತಿಕೂಲ ಅಂಶ ಕಂಡುಬಂದಿರುವುದಿಲ್ಲ." ಅದರ ಹಿಂದೆ ಮಹಜರು ಇತ್ತು. ಆಕೆಯ ಎರಡು ಪುಟದ ಹೇಳಿಕೆ ಇರಲಿಲ್ಲ. ಚೀಟಿಯೂ ಇರಲಿಲ್ಲ. ಪುಟ ಸಂಖ್ಯೆ ನೋಡಿದೆ. ನಲವತ್ತೊಂದಾದ ಮೇಲೆ ನಲವತ್ತೈದು.

"ಇಲ್ಲಿ ಮೂರು ಪುಟ ಎಲ್ಲಿ ಸಾರ್?"

"ಬಂದದ್ದೇ ಹೀಗೆ. ವರದಿ ಚೆನ್ನಾಗೈತಲ್ಲಮ್ಮ, ಇನ್ನೇನ್ ಬೇಕು ನಿಂಗೆ?"

ಸೀನಿಯರಿಗೆ ಖುಷಿಯಾಯಿತು. ನನಗೆ ಆಗಲಿಲ್ಲ. ಆಕೆ ಸತ್ಯ ಹೇಳಿದ್ದಕ್ಕೆ ಶಿಕ್ಷೆ ಕೊಟ್ಟಿದ್ದರೆ ಅದಕ್ಕಾದರೂ ಒಂದು ಅರ್ಥವಿರುತ್ತಿತ್ತು. ಇವರು ಯಜಮಾನನನ್ನು ಉಳಿಸಲು ಅದನ್ನೇ ಕಿತ್ತುಹಾಕಿ, ಮುಚ್ಚಿಟ್ಟವಳು ಆಕೆ ಎಂಬಂತೆ ಮಾಡಿದ್ದರು. ನಾಳೆ ಯಾರಾದರೂ ಹಳೆಯ ಮತದಾರರ ಪಟ್ಟಿ ತೆಗೆದು ತೋರಿಸಿದರೆ ಪೌರತ್ವ ಅಲ್ಲಾಡುವುದು ಆಕೆಯದು. ಕೈಯಲ್ಲಿದ್ದದ್ದು ಸ್ವೀಕೃತಿಯ ಸಹಿ ಇದ್ದ ಒಂದೇ ಒಂದು ಪ್ರತಿ.

ಆಕೆಗೆ ಎಲ್ಲವನ್ನೂ ಹೇಳಿದೆ. ಮಾಹಿತಿ ಹಕ್ಕಿನಲ್ಲಿ ಆ ಪುಟಗಳು ಏನಾದವೆಂದು ಕೇಳಬಹುದು, ಆದರೆ ಆ ಹಕ್ಕು ಪ್ರಜೆಗಳಿಗೆ ಮಾತ್ರ, ಬೇಕಾದರೆ ನನ್ನ ಹೆಸರಿನಲ್ಲಿ ಹಾಕುತ್ತೇನೆ ಎಂದೆ.

"ಬೇಡ," ಎಂದರು. "ಬರ್ದಿದ್ದು ನಾನು. ನಾನೇ ಕೇಳ್ತೀನಿ. ಬರ್ಲಿ, ಮೊದ್ಲು ಅದು ಬರ್ಲಿ."

ಮರುವರ್ಷದ ಸೆಪ್ಟೆಂಬರಿನಲ್ಲಿ ಒಪ್ಪಿಗೆಯ ಪತ್ರ ಬಂತು. ಹಳೆಯ ದೇಶದ ಪೌರತ್ವ ಬಿಟ್ಟುಕೊಟ್ಟದ್ದಕ್ಕೆ ಪುರಾವೆ ಕೊಡಬೇಕಿತ್ತು. ಪಾಸ್‌ಪೋರ್ಟು ಒಪ್ಪಿಸಿದ ದಿನದಿಂದ ಐವತ್ತನಾಲ್ಕು ದಿನ ಆಕೆ ಯಾವ ದೇಶದವರೂ ಆಗಿರಲಿಲ್ಲ. ಆ ಐವತ್ತನಾಲ್ಕು ದಿನಗಳಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಬರುವುದೊಂದನ್ನು ಬಿಟ್ಟರೆ ಆಕೆ ಮನೆಯಿಂದ ಹೊರಗೆ ಕಾಲಿಡಲಿಲ್ಲವೆಂದು ಅತ್ತೆ ಹೇಳಿದರು.

ಪ್ರಮಾಣ ವಚನ ಸ್ವೀಕಾರ ನವೆಂಬರಿನ ಒಂದು ಗುರುವಾರ, ಹನ್ನೆರಡು ಗಂಟೆಗೆ. ಅಧಿಕಾರಿ ಒಂದು ಹಾಳೆ ಕೊಟ್ಟು, "ಸೈನ್ ಹಾಕಿದ್ರೆ ಸಾಕು" ಎಂದರು. ಆಕೆ ಓದುತ್ತೇನೆಂದರು. ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇನೆ, ಈ ದೇಶದ ಕಾನೂನುಗಳನ್ನು ಪಾಲಿಸುತ್ತೇನೆ, ಪ್ರಜೆಯ ಕರ್ತವ್ಯಗಳನ್ನು ಮಾಡುತ್ತೇನೆ. ಬೆರಳಿಟ್ಟು ನಿಧಾನಕ್ಕೆ ಓದಿದರು. ಅಧಿಕಾರಿ ಆಕಳಿಸಿದರು. ಅತ್ತೆ ಕಣ್ಣೊರೆಸಿಕೊಂಡರು. ಪ್ರಮಾಣಪತ್ರ ಕೈಗೆ ಬಂತು.

ಅಲ್ಲಿಂದ ನೇರ ವಿಷಯ ನಿರ್ವಾಹಕರ ಮೇಜಿಗೆ ಹೋದೆವು. ಆಕೆ ಕೈಚೀಲದಿಂದ ಒಂದು ಹಾಳೆ ತೆಗೆದರು. ಮಾಹಿತಿ ಹಕ್ಕಿನ ಅರ್ಜಿಯನ್ನು ಹಿಂದಿನ ದಿನವೇ ತಮ್ಮ ಕೈಯಲ್ಲೇ ಬರೆದು, ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ನಾನು ಸೇರಿಸಿದ್ದು ಕಲಂ ಸಂಖ್ಯೆಯೊಂದೇ. ನನ್ನ ಕಡತದ ಪುಟ ನಲವತ್ತೆರಡು, ನಲವತ್ತಮೂರು, ನಲವತ್ತನಾಲ್ಕು ಎಲ್ಲಿವೆ, ತೆಗೆದವರು ಯಾರು, ಯಾರ ಆದೇಶದ ಮೇಲೆ. ಇಷ್ಟೇ. ಈಗ ಅಲ್ಲೇ ನಿಂತು ದಿನಾಂಕ ತುಂಬಿ, ಸ್ವೀಕೃತಿಯ ಸೀಲು ಬೇಕೆಂದು ಕೊಟ್ಟರು.

ಅವರು ಓದಿದರು. ಮತ್ತೊಮ್ಮೆ ಓದಿದರು. "ಸಿಹಿ ತರ್ತೀರ ಅಂದ್ಕೊಂಡ್ರೆ ಇದೇನಮ್ಮ? ಇವತ್ತೇ ಬೇಕಿತ್ತಾ?"

"ನಿನ್ನೆ ಆಗ್ತಿರ್ಲಿಲ್ಲ ಸಾರ್."

"ಸೀಲು ಹಾಕೋರು ಊಟಕ್ಕೆ ಹೋಗವ್ರೆ. ನಾಳೆ ಬಾ."

ಆಕೆ ಹೊರಗಿನ ಬೆಂಚಿನ ಮೇಲೆ, ಬಾಗಿಲಿಗೆ ಎದುರಾಗಿ, ಅವರಿಗೆ ಕಾಣುವಂತೆ ಕೂತರು. ಅತ್ತೆ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದರು. ನನಗೆ ಮುಳಬಾಗಿಲಿನಲ್ಲಿ ಒಂದು ಪ್ರಕರಣವಿತ್ತು. ಹೋಗಲಿಲ್ಲ.

ಸೀಲು ಬಿದ್ದದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ.